ಹೊಲ ಒಡೆದು ಸೈಟು ಮಾಡುವ ಮೊದಲು

ಈ ಪುಟದಲ್ಲಿ ಬಿತ್ತನೆ, ಗೊಬ್ಬರ, ದನಕರುಗಳ ಕಾಯಿಲೆ ಇವುಗಳ ವಿಚಾರ ಬರುವುದು ವಾಡಿಕೆ. ಈ ವಾರ ಹೊಲದಲ್ಲಿ ಏನನ್ನು ಬೆಳೆಯಬೇಕು ಎಂಬುದನ್ನು ಬಿಟ್ಟು, ಹೊಲವನ್ನೇ ತುಂಡು ಮಾಡಿ ಮಾರುವ ವಿಚಾರ ಬರೆಯಬೇಕಾಗಿ ಬಂದಿದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಕನ್ನಡ ಮನೆಗಳಲ್ಲಿ ಈಗ ನಾಲ್ಕು ಜನ ಕೂತರೆ ಮಳೆಯ ಮಾತಿಗಿಂತ ಮೊದಲು ಸೆಂಟಿನ ಬೆಲೆಯ ಮಾತು ಬರುತ್ತದೆ. ಅನ್ನೂರಿನಿಂದ ಅವಿನಾಶಿಗೆ ಬಸ್ಸಿನಲ್ಲಿ ಹೋದವರು ನೋಡಿಯೇ ಇರುತ್ತಾರೆ. ಜೋಳ ನಿಂತಿದ್ದ ಕಡೆ ಸುಣ್ಣ ಬಳಿದ ಕಲ್ಲುಗಳು, ಬಣ್ಣದ ಬಾವುಟಗಳು, ಬಾಗಿಲಿಗೊಂದು ಕಮಾನು.

ನಮ್ಮ ದೊಡ್ಡಪ್ಪನ ಮಗ, ನಮಗೆ ಅಣ್ಣನಾಗಬೇಕಾದವರು, ಕಳೆದ ತಿಂಗಳು ಒಂದು ಸಂಜೆ ಕಾಗದದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅವರಿಗೆ ಊರ ಮಗ್ಗುಲಲ್ಲೇ ಮೂರು ಎಕರೆ ಬೆದ್ದಲು. ಅದರಲ್ಲೊಂದು ಪಾಲುಬಾವಿ, ಅರ್ಧ ಎಕರೆ ತೆಂಗು. ಇಬ್ಬರು ಗಂಡುಮಕ್ಕಳು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಮಗಳನ್ನು ಸಿರುಮುಗೈಗೆ ಕೊಟ್ಟಿದೆ. ಸಾಲ ಇದೆ. ದಲಾಲಿಯೊಬ್ಬ ಬಂದು ರಸ್ತೆಯ ಕಡೆಯ ಒಂದು ಎಕರೆಯನ್ನು ಮೂರು ಮೂರು ಸೆಂಟಿನ 30 ಸೈಟು ಮಾಡಿ ಮಾರಿಕೊಡುತ್ತೇನೆ, ನೀವು ಒಂದು ಪವರ್ ಪತ್ರಕ್ಕೆ ರುಜು ಹಾಕಿದರೆ ಸಾಕು, ಉಳಿದದ್ದೆಲ್ಲ ನನ್ನ ಜವಾಬ್ದಾರಿ ಎಂದಿದ್ದನಂತೆ.

"ನೀನೇ ನೋಡಪ್ಪ, ನೀನು ಮೇಷ್ಟ್ರು, ತಮಿಳು ಪತ್ರ ಓದ್ತೀಯ," ಎಂದರು ಅಣ್ಣ. ಪತ್ರ ಓದಲು ಬಂದ ಮಾತ್ರಕ್ಕೆ ವ್ಯವಹಾರ ತಿಳಿದಂತಾಗುವುದಿಲ್ಲ ಎಂಬುದಕ್ಕೆ ನಮ್ಮದೇ ಸಾಕ್ಷಿ ಇದೆ. ಅದನ್ನು ಮೊದಲು ಹೇಳಿಬಿಡುವುದು ಮೇಲು.

2013ರಲ್ಲಿ ನಾವು ಕೂಡಿಟ್ಟ ಹಣದಿಂದ ನಾಲ್ಕು ಸೆಂಟಿನ ಒಂದು ಸೈಟು ಕೊಂಡೆವು. ಮಾರಿದವರು ತೋರಿಸಿದ ನಕ್ಷೆಯ ಮೇಲೆ ಪಂಚಾಯತಿಯ ಮೊಹರು ಇತ್ತು. ಮೊಹರು ಕಂಡೊಡನೆ ನಮಗೆ ಸಮಾಧಾನವಾಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರವೂ ಯಾವ ತಕರಾರಿಲ್ಲದೆ ನೋಂದಣಿಯಾಯಿತು. ನಾಲ್ಕು ವರ್ಷದ ಮೇಲೆ ಮನೆ ಕಟ್ಟಲು ಹೊರಟು ಬ್ಯಾಂಕಿಗೆ ಹೋದರೆ ಅವರು ನಕ್ಷೆಯನ್ನು ತಿರುಗಿಸಿ ನೋಡಿ, ಇದಕ್ಕೆ ಡಿ.ಟಿ.ಸಿ.ಪಿ. ಅಂಕೆ ಎಲ್ಲಿ ಎಂದರು. ಡಿ.ಟಿ.ಸಿ.ಪಿ. ಎಂದರೆ ನಗರ ಮತ್ತು ಗ್ರಾಮ ಯೋಜನಾ ನಿರ್ದೇಶನಾಲಯ. ಅದರ ಒಪ್ಪಿಗೆಯಿಲ್ಲದೆ ಪಂಚಾಯತಿ ತಾನೊಂದೇ ಹೊಲವನ್ನು ಸೈಟುಗಳಾಗಿ ವಿಂಗಡಿಸಲು ಒಪ್ಪಿಗೆ ಕೊಡುವಂತಿಲ್ಲ ಎಂಬ ಸಂಗತಿ ಅಂದು ನಮಗೆ ತಿಳಿಯಿತು. ಟೇಪು ಹಿಡಿದು ಅಳೆದಾಗ ನಕ್ಷೆಯಲ್ಲಿ 20 ಅಡಿ ಇದ್ದ ರಸ್ತೆ ನೆಲದ ಮೇಲೆ 17 ಅಡಿ ಇತ್ತು. ಉದ್ಯಾನ ಎಂದು ಬರೆದ ಜಾಗವನ್ನು ಎರಡು ಸೈಟು ಮಾಡಿ ಮಾರಿದ್ದರು. ಮಕ್ಕಳಿಗೆ ಕ್ಷೇತ್ರಗಣಿತ ಹೇಳಿಕೊಡುವವರು ನಾವು. ಕೊಳ್ಳುವ ಮುಂಚೆ ಒಂದು ಟೇಪು ಹಿಡಿಯಲಿಲ್ಲ.

ಈಗ ಕಾನೂನಿನ ಸ್ಥಿತಿ ಹೇಗಿದೆ ಎಂದು ನೋಡೋಣ. ತಮಿಳುನಾಡಿನ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ 1971ರದು. ಕಾಯಿದೆ ಹಳೆಯದಾದರೂ ಅನುಮತಿಯಿಲ್ಲದ ಸೈಟುಗಳು ಎಲ್ಲೆಲ್ಲೂ ನೋಂದಣಿಯಾಗುತ್ತಲೇ ಇದ್ದುವು. 2016ರ ಸೆಪ್ಟೆಂಬರ್ 9ರಂದು ಮದ್ರಾಸು ಹೈಕೋರ್ಟು ಇಂಥ ನೋಂದಣಿಯನ್ನು ತಡೆಯಿತು. ಅದೇ ವರ್ಷ ಅಕ್ಟೋಬರ್ 20ರಂದು ನೋಂದಣಿ ಕಾಯಿದೆಯ 22-ಎ ಕಲಮು ಈ ರಾಜ್ಯದಲ್ಲಿ ಜಾರಿಗೆ ಬಂದಿತು. ಯೋಜನಾ ಅಧಿಕಾರಿಗಳ ಅನುಮತಿಯಿಲ್ಲದೆ ಮನೆ ಸೈಟಾಗಿ ಮಾಡಿದ ಜಮೀನಿನ ಪತ್ರವನ್ನು ರಿಜಿಸ್ಟ್ರಾರ್ ನೋಂದಾಯಿಸಕೂಡದು ಎಂಬುದು ಅದರ ಸಾರ. ಅದೇ ಸೈಟು ಹಿಂದೆಯೇ ಮನೆ ಸೈಟೆಂದು ನೋಂದಣಿಯಾಗಿದ್ದರೆ ಮಾತ್ರ ಮರುನೋಂದಣಿಗೆ ಅವಕಾಶವುಂಟು. ಆದಕಾರಣ 2016ರ ಅಕ್ಟೋಬರ್ 20 ಎಂಬ ದಿನವನ್ನು ವಾಚಕರು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಆ ದಿನಕ್ಕೆ ಮುಂಚಿನ ಸೈಟಿಗೆ ಒಂದು ದಾರಿ, ಆಮೇಲಿನದಕ್ಕೆ ಇನ್ನೊಂದು ದಾರಿ.

ಮುಂಚಿನವುಗಳಿಗಾಗಿ 2017ರ ಮೇ ತಿಂಗಳಲ್ಲಿ ಸರಕಾರ ಸಕ್ರಮದ ನಿಯಮಗಳನ್ನು ಹೊರಡಿಸಿತು. ಅಕ್ಟೋಬರಿನಲ್ಲಿ ತಿದ್ದಿ ಶುಲ್ಕವನ್ನು ಇಳಿಸಿತು. ಮೊದಲು ಇಡೀ ವಿಂಗಡಣೆಯ ಚೌಕಟ್ಟಿಗೆ ತಾತ್ವಿಕ ಒಪ್ಪಿಗೆ ಆಗಬೇಕು, ಅನಂತರ ಒಂದೊಂದು ಸೈಟಿನವರು ತಮ್ಮ ತಮ್ಮ ಶುಲ್ಕ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬೇಕು. ಕೆರೆ, ಕಾಲುವೆ, ಸರಕಾರಿ ಪೊರಂಬೋಕು, ಸಾರ್ವಜನಿಕ ರಸ್ತೆ ಇವುಗಳ ಮೇಲೆ ಮಾಡಿದ ಸೈಟಿಗೆ ಸಕ್ರಮವಿಲ್ಲ. ಸಕ್ರಮವಾಗದ ಸೈಟಿಗೆ ಮನೆ ನಕ್ಷೆಯ ಒಪ್ಪಿಗೆ ಇಲ್ಲ, ನೀರು, ವಿದ್ಯುತ್ತು ಕೊಡಬಾರದೆಂದೂ ನಿಯಮ ಹೇಳುತ್ತದೆ. ನಮ್ಮ ಸೈಟು ಈ ದಾರಿಯಲ್ಲೇ ಬಂದಿತು. ಸೈಟಿನವರನ್ನೆಲ್ಲ ಹುಡುಕಿ ಕೂಡಿಸುವುದಕ್ಕೇ ಒಂದು ವರ್ಷ ಹಿಡಿಯಿತು. ಒಬ್ಬರು ಕುವೈತಿನಲ್ಲಿ, ಒಬ್ಬರು ತೀರಿಕೊಂಡಿದ್ದರು. ಮನೆಯ ಪಾಯ ತೋಡಿದ್ದು 2020ರ ಕೊನೆಗೆ. ಆ ವೇಳೆಗೆ ಸಿಮೆಂಟಿನ ಬೆಲೆ ಎಲ್ಲಿಗೆ ಹೋಗಿತ್ತೆಂಬುದನ್ನು ಬರೆಯುವುದು ಬೇಡ. ಈ ಸಕ್ರಮದ ಗಡುವು ಹಲವು ಸಾರಿ ಮುಂದಕ್ಕೆ ಹೋಗಿದೆ. ಅಂಥ ಹಳೆಯ ಸೈಟು ಉಳ್ಳವರು ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಡಿ.ಟಿ.ಸಿ.ಪಿ.ಯ ಜಿಲ್ಲಾ ಕಚೇರಿಯಲ್ಲಿ ನೇರವಾಗಿ ಕೇಳಿ ತಿಳಿಯಬೇಕು. ದಲಾಲಿಯ ಬಾಯಿಂದ ಅಲ್ಲ.

ಅಣ್ಣನ ಎಕರೆ ಹೊಸ ವಿಂಗಡಣೆ. ಅದಕ್ಕೆ ಸಕ್ರಮದ ಬಾಗಿಲು ಇಲ್ಲವೇ ಇಲ್ಲ. ಮುಂಬಾಗಿಲಿನಿಂದಲೇ ಹೋಗಬೇಕು.

ಎಂಟು ಸೈಟಿನವರೆಗೆ ಒಡೆದರೆ ಅದನ್ನು ಉಪವಿಭಾಗ ಎನ್ನುತ್ತಾರೆ; ಎಂಟನ್ನು ಮೀರಿದರೆ ಲೇಔಟು. 2019ರ ಫೆಬ್ರವರಿಯಲ್ಲಿ ಬಂದ ತಮಿಳುನಾಡು ಸಂಯುಕ್ತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು ಇವೆರಡಕ್ಕೂ ಲೆಕ್ಕ ಕೊಟ್ಟಿವೆ. ಎರಡಕ್ಕೂ ಅನುಮತಿ ಬೇಕು. ನಮ್ಮ ಜನ ಹಲವರು ನಾಲ್ಕೇ ಸೈಟಲ್ಲವೇ, ಅದಕ್ಕೇಕೆ ಅನುಮತಿ ಎನ್ನುತ್ತಾರೆ. ಅದು ತಪ್ಪು ತಿಳಿವಳಿಕೆ. ಇದಕ್ಕೂ ಮೊದಲು ವ್ಯವಸಾಯದ ಜಮೀನನ್ನು ವ್ಯವಸಾಯೇತರ ಉಪಯೋಗಕ್ಕೆ ಬದಲಿಸಿಕೊಳ್ಳಬೇಕು. ಊರು ಮಾಸ್ಟರ್ ಪ್ಲಾನಿನ ಒಳಗಿದ್ದರೆ ಆ ಸರ್ವೆ ನಂಬರನ್ನು ವಾಸದ ವಲಯವೆಂದು ತೋರಿಸಿದೆಯೇ ವ್ಯವಸಾಯದ ವಲಯವೆಂದೇ ಎಂದು ನೋಡಬೇಕು. ಕೊಯಮತ್ತೂರಿಗೆ 1994ರಲ್ಲಿ ಬಂದ ಮಾಸ್ಟರ್ ಪ್ಲಾನು ಬಹುಕಾಲ ನಡೆಯಿತು. 2041ರವರೆಗಿನ ಹೊಸ ಪ್ಲಾನಿನ ಕರಡು 2024ರಲ್ಲಿ ಪ್ರಕಟವಾಯಿತು. ಪ್ಲಾನಿನ ಹೊರಗಿನ ಹಳ್ಳಿಗಳಿಗೆ 2017ರ ಭೂ ಉಪಯೋಗ ಬದಲಾವಣೆಯ ನಿಯಮಗಳಿವೆ. ನಂಜೈ ಜಮೀನಾದರೆ ಪರೀಕ್ಷೆ ಕಠಿಣ; ಕಲೆಕ್ಟರವರ ತನಕ ಕಾಗದ ಹೋಗುತ್ತದೆ. ಬೆದ್ದಲಿಗೆ ಅಷ್ಟಿಲ್ಲ. ಮೆಟ್ಟುಪಾಳಯ, ಕಾರಮಡೈ, ತೊಂಡಾಮುತ್ತೂರು ಕಡೆ ಬೆಟ್ಟದ ಬುಡದಲ್ಲಿರುವ ನಮ್ಮವರಿಗೆ ಇನ್ನೊಂದು ಕಟ್ಟೂ ಇದೆ. ಅಲ್ಲಿನ ಹಲವು ಹಳ್ಳಿಗಳು ಗುಡ್ಡಗಾಡು ಪ್ರದೇಶ ಸಂರಕ್ಷಣಾ ಪ್ರಾಧಿಕಾರದ ಪಟ್ಟಿಯಲ್ಲಿ ಸೇರಿವೆ; ಅದರ ಒಪ್ಪಿಗೆಯೂ ಆಗದೆ ಲೇಔಟು ಆಗದು.

ಇನ್ನು ಲೆಕ್ಕಕ್ಕೆ ಬರೋಣ. ಅಣ್ಣನ ಮುಂದೆ ಸ್ಲೇಟು ಇಟ್ಟು ನಾವು ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇವೆ. ಒಂದು ಎಕರೆ ಎಂದರೆ 100 ಸೆಂಟು, 43,560 ಚದರಡಿ. ಅಣ್ಣನ ತುಂಡು ಹೆಚ್ಚುಕಡಿಮೆ 198 ಅಡಿ ಅಗಲ, 220 ಅಡಿ ಉದ್ದ. ದಲಾಲಿ ನಡುವೆ 20 ಅಡಿಯ ರಸ್ತೆ ಬಿಡುತ್ತಾನೆ. ರಸ್ತೆಗೆ 4,400 ಚದರಡಿ ಹೋಗಿ 39,160 ಉಳಿಯುತ್ತದೆ. ಅಂದರೆ ಸುಮಾರು 90 ಸೆಂಟು, ಮೂರು ಸೆಂಟಿನ 30 ಸೈಟು. ಅವನ ಲೆಕ್ಕ ಸರಿಯಾಗಿಯೇ ಇತ್ತು. ಕಾನೂನಿನ ಪ್ರಕಾರ ಹೋಗುವುದಾದರೆ, 30 ಅಡಿ ರಸ್ತೆ ಬಿಟ್ಟೆವೆಂದಿಟ್ಟುಕೊಳ್ಳಿ. ರಸ್ತೆಗೆ 6,600 ಚದರಡಿ. ಉಳಿದದ್ದು 36,960. ಜಮೀನು 3,000 ಚದರ ಮೀಟರಿಗಿಂತ, ಎಂದರೆ 74 ಸೆಂಟಿಗಿಂತ, ಹೆಚ್ಚಾಗಿರುವುದರಿಂದ ರಸ್ತೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 10 ಭಾಗ ಬಯಲು ಜಾಗ ಬಿಡತಕ್ಕದ್ದು. ಅದು 3,696 ಚದರಡಿ. ಕೊನೆಗೆ ಮಾರಲು ಉಳಿಯುವುದು 33,264, ಅಂದರೆ 76 ಸೆಂಟು ಚಿಲ್ಲರೆ. ಸೈಟು 25. ಹೀಗೆ 30ಕ್ಕೂ 25ಕ್ಕೂ ಇರುವ ಐದು ಸೈಟಿನ ಆಸೆಯಲ್ಲೇ ಇಡೀ ಮೋಸ ಅಡಗಿದೆ. ಬಯಲು ಜಾಗ ಬಿಡಲಾಗದಿದ್ದರೆ ಒಂದು ಎಕರೆಯಂಥ ಚಿಕ್ಕ ಲೇಔಟಿಗೆ ಅದರ ಬೆಲೆಯನ್ನು ಕಟ್ಟುವ ಅವಕಾಶವೂ ಇದೆ. ಮೂರು ಎಕರೆಯನ್ನೂ ಒಟ್ಟಿಗೆ ಹಾಕಿದರೆ ಅದು 10,000 ಚದರ ಮೀಟರನ್ನು ಮೀರುತ್ತದೆ. ಆಗ ಹಣ ನಡೆಯುವುದಿಲ್ಲ, ಜಾಗವನ್ನೇ ಬಿಡಬೇಕು, ಬಡವರಿಗೆಂದು ಚಿಕ್ಕ ಸೈಟುಗಳನ್ನೂ ಮೀಸಲಿಡಬೇಕು.

ಈ ರಸ್ತೆಯನ್ನೂ ಬಯಲನ್ನೂ ಪಂಚಾಯತಿಯ ಹೆಸರಿಗೆ ದಾನಪತ್ರ ಮಾಡಿಕೊಡಬೇಕು. ಆಮೇಲೆಯೇ ಕೊನೆಯ ಒಪ್ಪಿಗೆ. ಕೊಳ್ಳುವವರು ಕೇಳಬೇಕಾದ ಮೊದಲ ಕಾಗದ ಆ ದಾನಪತ್ರದ ನಕಲು. ನಾವು 2013ರಲ್ಲಿ ಅದೊಂದನ್ನು ಕೇಳಿದ್ದರೆ ಉಳಿದ ಕಥೆ ಬೇಕಾಗಿರಲಿಲ್ಲ. ಜಮೀನು 500 ಚದರ ಮೀಟರನ್ನೂ ಸೈಟು ಎಂಟನ್ನೂ ಮೀರಿದ ಲೇಔಟನ್ನು 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ ತಮಿಳುನಾಡಿನ ಪ್ರಾಧಿಕಾರದಲ್ಲಿ ನೋಂದಾಯಿಸದೆ ಜಾಹೀರಾತು ಕೂಡ ಕೊಡಕೂಡದು. ತಪ್ಪಿದರೆ ಯೋಜನೆಯ ವೆಚ್ಚದ ನೂರಕ್ಕೆ 10ರ ತನಕ ದಂಡ. ಪವರ್ ಪತ್ರ ಕೊಟ್ಟು ಮನೆಯಲ್ಲಿ ಕುಳಿತ ರೈತನಿಗೆ ಇದರ ಬಿಸಿ ತಟ್ಟುವುದಿಲ್ಲ ಎಂದು ತಿಳಿಯಬಾರದು. ಜಮೀನು ಅವನದು, ಮಾರಾಟ ಅವನ ಹೆಸರಿನಲ್ಲಿ. ನೋಟೀಸು ಬರುವುದು ಅವನ ಬಾಗಿಲಿಗೆ.

"ಹಂಗಾದ್ರೆ ದಲಾಲಿ ಎಲ್ಲಿರ್ತಾನೆ?" ಎಂದು ಅಣ್ಣ ಕೇಳಿದರು. ಇನ್ನೊಂದು ಊರಲ್ಲಿ ಬಾವುಟ ನೆಡುತ್ತಿರುತ್ತಾನೆ ಅಣ್ಣಾ ಎಂದೆವು.

ಕಾಗದದ ಕಟ್ಟನ್ನು ಬಿಚ್ಚಿದಾಗ ಇನ್ನೂ ಎರಡು ತೊಡಕು ಹೊರಬಿದ್ದುವು. ಅವು ಅಣ್ಣನ ಮನೆಯವು ಮಾತ್ರವಲ್ಲ, ನಮ್ಮ ಕಡೆಯ ಎಷ್ಟೋ ಮನೆಗಳವು. ಆದ್ದರಿಂದ ವಿವರವಾಗಿ ಬರೆಯುತ್ತೇವೆ.

ಒಂದು, ಪಟ್ಟಾದ ವಿಸ್ತೀರ್ಣ ಪತ್ರದ ವಿಸ್ತೀರ್ಣಕ್ಕೆ ಹೊಂದುತ್ತಿರಲಿಲ್ಲ. ಹಳೆಯ ವಿಭಾಗಪತ್ರದಲ್ಲಿ ಮೂರು ಎಕರೆ ಎಂದಿದೆ. ಪಟ್ಟಾದಲ್ಲಿ 1 ಹೆಕ್ಟೇರು 17 ಆರ್ ಎಂದಿದೆ. ಒಂದು ಆರ್ ಎಂದರೆ ಸುಮಾರು 2.47 ಸೆಂಟು, ಲೆಕ್ಕ ಹಾಕಿದರೆ 289 ಸೆಂಟು. ಹನ್ನೊಂದು ಸೆಂಟು ಎಲ್ಲಿ ಹೋಯಿತು? ತಮಿಳುನಾಡಿನಲ್ಲಿ 1979ರಲ್ಲಿ ಆರಂಭವಾದ ಯು.ಡಿ.ಆರ್. ಎಂಬ ದಾಖಲೆ ಪರಿಷ್ಕರಣದಲ್ಲಿ ಎಕರೆ ಸೆಂಟು ಹೋಗಿ ಹೆಕ್ಟೇರು ಆರ್ ಬಂದುವು. ಆಗ ಅವಸರದಲ್ಲಿ ಹೆಸರು ಬಿಟ್ಟದ್ದು, ಪಕ್ಕದವನಿಗೆ ಸೇರಿಸಿದ್ದು, ಉಪವಿಭಾಗ ತಪ್ಪಿದ್ದು ಹಲವುಂಟು. ಇಂಥ ತಪ್ಪು ಇದ್ದರೆ ಸೈಟಿನ ಯೋಚನೆಗೆ ಮೊದಲು ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಫಿರ್ಕಾ ಸರ್ವೆಯರಿಂದ ಅಳತೆ ಮಾಡಿಸಬೇಕು. ಎಫ್.ಎಂ.ಬಿ. ನಕ್ಷೆ, ಅಂದರೆ ಹೊಲದ ಅಳತೆ ಪುಸ್ತಕದ ಪುಟ, ಅದನ್ನು ಕೈಯಲ್ಲಿ ಹಿಡಿದು ಗಡಿಕಲ್ಲು ಹುಡುಕಬೇಕು. ಅಣ್ಣನ ಹೊಲದಲ್ಲಿ ಮೂಡಣ ದಿಕ್ಕಿನ ಕಲ್ಲು ಪಕ್ಕದವರ ಬೇಲಿಯ ಒಳಗೆ ಸಿಕ್ಕಿತು. ಪಕ್ಕದವರು ಒಳ್ಳೆಯವರು, ಅವರಿಗೂ ಗೊತ್ತಿರಲಿಲ್ಲ.

ಇಲ್ಲಿ ಭಾಷೆಯ ಒಂದು ಮಾತು. ಕೊಳ್ಳೇಗಾಲ ತಾಲೂಕು 1956ರ ತನಕ ಇದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರಿಗೆ ಸೇರಿತು. ಅಲ್ಲಿನ ನಮ್ಮ ಬಂಧುಗಳು ಪಹಣಿ, ಪೋಡಿ, ಹಿಸ್ಸಾ, ಕನ್ವರ್ಷನ್ ಎನ್ನುತ್ತಾರೆ. ಅವರ ಮಾತು ಕೇಳಿ ಇಲ್ಲಿಯ ಕಚೇರಿಯಲ್ಲಿ ಪಹಣಿ ಕೊಡಿ ಎಂದರೆ ಯಾರಿಗೂ ತಿಳಿಯದು. ಇಲ್ಲಿ ಚಿಟ್ಟಾ, ಅಡಂಗಲ್ ಎನ್ನಬೇಕು. ಪೋಡಿ ಎಂಬುದು ಇಲ್ಲಿ ಉಟ್ಪಿರಿವು. ವಿಭಾಗಪತ್ರ ಪಾಗಪ್ಪಿರಿವಿನೈ. ಋಣಭಾರದ ಪತ್ರ ವಿಲ್ಲಂಗ ಸಾನ್ರಿದಳ್. ಊರೊಳಗಿನ ಮನೆ ನೆಲ, ಅಲ್ಲಿಯವರ ಗ್ರಾಮಠಾಣಾ, ಇಲ್ಲಿ ನತ್ತಂ. ಚಕ್ಕುಬಂದಿ ಮಾತ್ರ ಎರಡು ಕಡೆಯೂ ಚಕ್ಕುಬಂದಿಯೇ, ಜಗಳವೂ ಎರಡು ಕಡೆಯೂ ಅದರಲ್ಲೇ.

ನತ್ತಂ ಎಂದ ಮೇಲೆ ಅಲ್ಲಿನ ಮನೆ ಒಡೆಯುವುದನ್ನೂ ಹೇಳಬೇಕು. ಅಣ್ಣತಮ್ಮಂದಿರು ಆರು ಸೆಂಟಿನ ಹಳೆಯ ಮನೆಯನ್ನು ಮುಂದೆ ಹಿಂದೆ ಎಂದು ಎರಡು ಪಾಲು ಮಾಡಿಕೊಳ್ಳುತ್ತಾರೆ. ಹಿಂದಿನ ಪಾಲಿನವನಿಗೆ ಹಾದಿ ಯಾವುದು? ಅಪ್ಪ ಇರುವ ತನಕ ಅಂಗಳದಲ್ಲೇ ಹಾದು ಹೋಗುತ್ತಿದ್ದ. ಮುಂದಿನವನು ಸೈಟು ಮಾರಿಕೊಂಡು ಪಲ್ಲಡಂ ಸೇರಿದ ಮೇಲೆ ಹೊಸಬರು ಗೋಡೆ ಎಬ್ಬಿಸಿದರು. ನಮ್ಮ ಬೀದಿಯಲ್ಲೇ ಒಂದು ಸಂಸಾರ ಹೆಣವನ್ನು ಪಕ್ಕದ ಮನೆಯ ಹಿತ್ತಿಲಿನಿಂದ ಸಾಗಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ವಿಭಾಗಪತ್ರದಲ್ಲಿ "ದಾರಿಯ ಹಕ್ಕು ಉಂಟು" ಎಂದು ಬರೆದರೆ ಸಾಲದು. ಯಾವ ದಿಕ್ಕಿನಲ್ಲಿ, ಎಷ್ಟು ಅಡಿ ಅಗಲ, ಎಷ್ಟು ಅಡಿ ಉದ್ದ, ಬಂಡಿ ಹೋಗುವುದೋ ಕಾಲುದಾರಿಯೋ, ಚರಂಡಿಯ ನೀರು ಎಲ್ಲಿ ಹರಿಯುವುದು, ಇವೆಲ್ಲ ಬರೆಯಿಸಿ ಒಂದು ನಕ್ಷೆಯನ್ನೂ ಹೊಲಿಸಬೇಕು. ಪತ್ರವಾದ ಮೇಲೆ ಪಟ್ಟಾವನ್ನೂ ಬೇರೆ ಮಾಡಿಸಿಕೊಳ್ಳಬೇಕು. ಜಂಟಿ ಪಟ್ಟಾ ಹಾಗೆಯೇ ಬಿಟ್ಟರೆ ಮಕ್ಕಳ ಕಾಲಕ್ಕೆ ಹೆಸರು ಹನ್ನೆರಡಾಗುತ್ತವೆ.

ಎರಡನೆಯ ತೊಡಕು ಮಗಳ ರುಜು. ದಲಾಲಿ ತಂದ ಕಾಗದದಲ್ಲಿ ಅಣ್ಣ ಮತ್ತು ಇಬ್ಬರು ಗಂಡುಮಕ್ಕಳ ಹೆಸರು ಮಾತ್ರ ಇತ್ತು. ಆಸ್ತಿ ನಮ್ಮ ಅಜ್ಜನಿಂದ ಬಂದ ಪಿತ್ರಾರ್ಜಿತ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂಬ ಕಾನೂನು ತಮಿಳುನಾಡಿನಲ್ಲಿ 1989ರಲ್ಲೇ ಬಂದಿತು. 2005ರಲ್ಲಿ ಅದು ದೇಶಕ್ಕೆಲ್ಲ ಆಯಿತು. ತಂದೆ 2005ರಲ್ಲಿ ಬದುಕಿದ್ದರೋ ಇಲ್ಲವೋ ಎಂಬ ವಾದವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಮುಗಿಸಿತು. ಮಗಳು ಹುಟ್ಟಿನಿಂದಲೇ ಪಾಲುದಾರಳು. "ಅವಳಿಗೆ ಮದುವೇಲಿ ಹಾಕಿದ್ದೀವಲ್ಲ" ಎಂದರು ಅಣ್ಣ. ಅದನ್ನು ಕೋರ್ಟು ಕೇಳುವುದಿಲ್ಲ ಎಂದೆವು. ಅವಳ ರುಜುವಿಲ್ಲದೆ 25 ಜನರಿಗೆ ಸೈಟು ಮಾರಿದರೆ, ನಾಳೆ ಅವಳಲ್ಲದಿದ್ದರೂ ಅವಳ ಮಕ್ಕಳು ಕೇಳಿದಾಗ ಬೀದಿಗೆ ಬರುವವರು ಆ 25 ಸಂಸಾರ. ಅವರಲ್ಲಿ ಅರ್ಧ ಜನ ನಮ್ಮಂತೆಯೇ ಚೀಟಿ ಕಟ್ಟಿ ಹಣ ಕೂಡಿಸಿದವರಾಗಿರುತ್ತಾರೆ. ಅಣ್ಣ ಆ ರಾತ್ರಿ ಊಟ ಮಾಡದೆ ಹೋದರು.

ರೈತನಿಗೆ ಇನ್ನೂ ಕೆಲವು ಸಣ್ಣ ಲೆಕ್ಕಗಳಿವೆ. ಪಾಲುಬಾವಿಯ ಸರದಿ ಸೈಟು ಕೊಂಡವರಿಗೆ ಹೋಗುವುದೇ, ಉಳಿದ ಎರಡು ಎಕರೆಗೆ ಉಳಿಯುವುದೇ ಎಂಬುದನ್ನು ಪತ್ರದಲ್ಲಿ ಹೇಳದಿದ್ದರೆ ಬಾವಿ ಎಲ್ಲರದೂ ಆಗಿ ಯಾರದೂ ಆಗದೆ ಹೋಗುತ್ತದೆ. ವ್ಯವಸಾಯಕ್ಕೆಂದು ಕೊಟ್ಟ ಉಚಿತ ವಿದ್ಯುತ್ ಸಂಪರ್ಕದ ನೀರನ್ನು ಸೈಟಿನ ಮನೆಗಳಿಗೆ ಹಾಯಿಸಿದರೆ ಸಂಪರ್ಕಕ್ಕೇ ಕುತ್ತು. ಆದಾಯ ತೆರಿಗೆಯದು ಬೇರೆ. ಪೇಟೆಯಿಂದ ದೂರದ ಹಳ್ಳಿಯ ವ್ಯವಸಾಯದ ಜಮೀನನ್ನು ಹಾಗೆಯೇ ಮಾರಿದರೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ; ದೂರವನ್ನು ಊರಿನ ಜನಸಂಖ್ಯೆ ನೋಡಿ 2, 6, 8 ಕಿಲೋಮೀಟರು ಎಂದು ಗೊತ್ತುಮಾಡಿದ್ದಾರೆ. ಅದೇ ಜಮೀನನ್ನು ಸೈಟು ಮಾಡಿ ಮಾರಿದಾಗ ಆ ರಿಯಾಯಿತಿ ತಪ್ಪುತ್ತದೆ. ಲೆಕ್ಕಪರಿಶೋಧಕರನ್ನು ಒಂದು ಸಾರಿ ಕಂಡು ಬರುವುದಕ್ಕೆ ಹೆಚ್ಚು ಖರ್ಚಿಲ್ಲ.

ಸೈಟು ಮಾಡುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಜನಕ್ಕೆ ಮನೆ ಬೇಕು. ತಿರುಪ್ಪೂರಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಮಕ್ಕಳೇ ಬಾಡಿಗೆಯ ಕೋಣೆಗಳಲ್ಲಿ ಇದ್ದಾರೆ. ಸರಿಯಾಗಿ ಅನುಮತಿ ಪಡೆದ ಸೈಟಿಗೆ ಈಗ ಅನುಕೂಲವೂ ಹೆಚ್ಚಾಗಿದೆ. 2024ರ ಜುಲೈಯಿಂದ 2,500 ಚದರಡಿಯ ತನಕದ ಸೈಟಿನಲ್ಲಿ 3,500 ಚದರಡಿಯ ತನಕದ ಮನೆಗೆ ಸ್ವಯಂ ಪ್ರಮಾಣದ ಮೇಲೆ ಆನ್‌ಲೈನಿನಲ್ಲೇ ಕೂಡಲೆ ಒಪ್ಪಿಗೆ ಸಿಗುವ ಏರ್ಪಾಡು ಬಂದಿದೆ. ಆದರೆ ಹೊಲವನ್ನು ಮಾರುವ ಮುಂಚೆ ನೀರಿನ ಕಡೆಗೂ ಒಂದು ಸಾರಿ ನೋಡಬೇಕೆಂದು ನಮಗೆ ತೋರುತ್ತದೆ. ಅರವತ್ತು ವರ್ಷಗಳ ಬೇಡಿಕೆಯಾಗಿದ್ದ ಅತ್ತಿಕ್ಕಡವು–ಅವಿನಾಶಿ ಯೋಜನೆ 2024ರ ಆಗಸ್ಟ್ 17ರಂದು ಆರಂಭವಾಯಿತು; ಭವಾನಿಯ ಹೆಚ್ಚುವರಿ ನೀರನ್ನು 1,045 ಕೆರೆಕಟ್ಟೆಗಳಿಗೆ ತುಂಬಿಸುವುದು ಅದರ ಉದ್ದೇಶ. ನಮ್ಮ ಊರಿನ ಕುಂಟೆಗೂ ನೀರು ಬಂದಿದೆ. ಅಣ್ಣನ ಬಾವಿಯಲ್ಲಿ ಈ ಬೇಸಗೆ ಹಿಂದಿನ ವರ್ಷಗಳಿಗಿಂತ ಮೇಲೆ ನೀರು ನಿಂತಿತ್ತು.

ಅಣ್ಣ ಹದಿನೈದು ದಿನದ ಮೇಲೆ ಮತ್ತೆ ಬಂದರು. ಜೊತೆಗೆ ಮಗಳೂ ಬಂದಿದ್ದಳು. ಮೂರು ಎಕರೆಯಲ್ಲಿ ಅವಳ ಪಾಲನ್ನೂ ಸೇರಿಸಿ ಮೊದಲು ವಿಭಾಗಪತ್ರ ಮಾಡುವುದೆಂದೂ, ಅದಕ್ಕೂ ಮೊದಲು ಆ ಹನ್ನೊಂದು ಸೆಂಟಿನ ಅಳತೆ ಆಗುವುದೆಂದೂ, ಸೈಟಿನ ಮಾತು ಆಮೇಲೆ ನೋಡುವುದೆಂದೂ ಗೊತ್ತಾಯಿತು. ದೊಡ್ಡ ಮಗನಿಗೆ ಸಮಾಧಾನವಿಲ್ಲ; ಸಾಲದ ಬಡ್ಡಿ ಕಟ್ಟುವವನು ಅವನು, ಅವನ ಮಾತಿನಲ್ಲೂ ನ್ಯಾಯವಿದೆ. ದಲಾಲಿ ಕೊಟ್ಟಿದ್ದ ಮುಂಗಡವನ್ನು ಹಿಂದಿರುಗಿಸಲು ತೆಂಗಿನಕಾಯಿ ಮಾರಿದ ಹಣ ಸಾಲದೆ ಒಂದು ಎಮ್ಮೆ ಕೊಡಬೇಕಾಯಿತು. ಅಳತೆಗೆ ಅರ್ಜಿ ಹಾಕಿ ಆಗಿದೆ. ಬರುವ ವಾರ ಸರ್ವೆಯರು ಬರುತ್ತೇವೆಂದು ಹೇಳಿದ್ದಾರೆ. ಆ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ನಾವೂ ಮೂಡಣ ಬೇಲಿಯ ಹತ್ತಿರ ಹೋಗಿ ನಿಲ್ಲುವವರಿದ್ದೇವೆ.